ಒತ್ತಿದರೆ ಅಳಬೇಕು

ಗೊಂಬೆಯ ಹೊಟ್ಟೆ ಒತ್ತಿದರೆ ಅದು ಅಳಬೇಕು. ಎತ್ತಿ ಹೆಗಲಿಗೆ ಹಾಕಿಕೊಂಡರೆ ಸುಮ್ಮನಾಗಬೇಕು. ಇಷ್ಟೇ ಕೆಲಸ. ಇದಕ್ಕೂ ಸಂಬಳ ಕೊಡುತ್ತಾರಾ ಎಂದು ಕೇಳಿದವರೆಲ್ಲ ನಗುತ್ತಾರೆ. ಬೆಳಗಿನಿಂದ ಸಂಜೆಯ ತನಕ ಬೆಂಚಿನ ಮುಂದೆ ನಿಂತು, ಎಡಗಡೆಯ ಬುಟ್ಟಿಯಿಂದ ಒಂದೊಂದೇ ಗೊಂಬೆ ತೆಗೆದು, ಅಳಿಸಿ, ಸಮಾಧಾನ ಮಾಡಿ, ಬಲಗಡೆಯ ಪೆಟ್ಟಿಗೆಗೆ ಹಾಕಿ ನೋಡಿದರೆ ಅದು ಎಷ್ಟು ನಗುವ ಕೆಲಸ ಎಂದು ಗೊತ್ತಾಗುತ್ತದೆ. ಅಳದ ಗೊಂಬೆಯನ್ನು ಕೆಂಪು ತೊಟ್ಟಿಗೆ ಎಸೆಯಬೇಕು. ಅತ್ತು ಸುಮ್ಮನಾಗದ ಗೊಂಬೆಯೂ ಅದೇ ತೊಟ್ಟಿಗೆ. ಹಟಮಾರಿ ಮಕ್ಕಳಿಗೆ ಅಲ್ಲಿ ಜಾಗವಿಲ್ಲ.

ಆ ಆಟಿಕೆ ಕಾರ್ಖಾನೆಯಲ್ಲಿ ಈ ಬೆಂಚಿಗೆ ಅಳು ವಿಭಾಗ ಎಂದೇ ಹೆಸರು. ಅಲ್ಲಿ ನಿಲ್ಲುವವರೆಲ್ಲ ಹೆಂಗಸರು. ಹಿಂದೊಮ್ಮೆ ಗಂಡಸರನ್ನು ನಿಲ್ಲಿಸಿ ನೋಡಿದ್ದರಂತೆ, ಎರಡೇ ದಿನಕ್ಕೆ ತಲೆ ಚಿಟ್ಟುಹಿಡಿಯಿತು ಎಂದು ಕೈಯೆತ್ತಿಬಿಟ್ಟರಂತೆ. ಹೆಂಗಸರಿಗೆ ತಲೆ ಚಿಟ್ಟುಹಿಡಿಯುವುದಿಲ್ಲ ಎಂದು ಅಂದೇ ತೀರ್ಮಾನವಾಯಿತು. ಆ ಹೆಂಗಸರಲ್ಲಿ ಎಲ್ಲರಿಗಿಂತ ಬೇಗ ಕೈ ಆಡಿಸುತ್ತಿದ್ದವಳಿಗೆ ಚುರುಕಿ ಎಂದು ಹೆಸರು ಬಿದ್ದಿತ್ತು. ಮದುವೆಗೆ ಮುಂಚೆ ಬಿದ್ದ ಹೆಸರು ಮದುವೆಯಾದ ಮೇಲೂ ಉಳಿಯಿತು. ಮಗಳನ್ನು ಹೆತ್ತು, ಬಾಣಂತಿತನದ ರಜೆ ಮುಗಿಸಿ ಅವಳು ಮತ್ತೆ ಬೆಂಚಿಗೆ ಬಂದ ದಿನವೂ ಎಲ್ಲರೂ ಆ ಹೆಸರಿನಿಂದಲೇ ಕೂಗಿ ಕರೆದು ಜಾಗ ಬಿಟ್ಟುಕೊಟ್ಟರು.

ಅಂದು ಮೊದಲ ಗೊಂಬೆಯ ಹೊಟ್ಟೆ ಒತ್ತಿದಳು. ಗೊಂಬೆ ಅತ್ತಿತು. ಯಾವುದೋ ನಿಜವಾದ ಹಸುಗೂಸಿನ ಅಳುವನ್ನೇ ಹಿಡಿದು ಆ ಗೊಂಬೆಗಳ ಹೊಟ್ಟೆಯಲ್ಲಿ ತುಂಬಿದ್ದರು. ಇಷ್ಟು ವರ್ಷ ಸಾವಿರಾರು ಸಲ ಕೇಳಿದ್ದ ಅಳುವೇ ಅದು, ಹೊಸದೇನಲ್ಲ. ಆದರೆ ಈ ಸಲ ಅವಳ ಎದೆ ಜುಂ ಎಂದಿತು. ಏನಾಯಿತು ಎಂದು ತಿಳಿಯುವಷ್ಟರಲ್ಲಿ ಅಂಗಿ ಒದ್ದೆಯಾಗಿತ್ತು.

ಗಾಬರಿಯಿಂದ ಗೊಂಬೆಯನ್ನು ಹೆಗಲಿಗೆ ಹಾಕಿಕೊಂಡಳು. ಗೊಂಬೆ ಸುಮ್ಮನಾಯಿತು, ಎದೆ ಸುಮ್ಮನಾಗಲಿಲ್ಲ. ಅದು ಇನ್ನಷ್ಟು ಸುರಿಯಿತು. ಪಾಪ, ಆ ದೇಹಕ್ಕೇನು ಗೊತ್ತು? ಕೂಸು ಅತ್ತಿತು, ಕೂಸನ್ನು ಎತ್ತಿಕೊಂಡಾಯಿತು, ಇನ್ನು ಹಾಲು ಕೊಡಬೇಕಷ್ಟೇ ಎಂದು ಅದು ತನ್ನ ಪಾಡಿಗೆ ತಾನು ಸಿದ್ಧವಾಗಿಬಿಟ್ಟಿತ್ತು. ಅವಳು ಎರಡನೆಯದನ್ನು ಒತ್ತಿದಳು, ಮೂರನೆಯದನ್ನು ಒತ್ತಿದಳು. ಅಕ್ಕಪಕ್ಕದ ಬೆಂಚುಗಳಲ್ಲೂ ಅಳು. ಇಡೀ ವಿಭಾಗದ ತುಂಬ ಯಾರದೂ ಅಲ್ಲದ ಮಕ್ಕಳು ಅಳುತ್ತಿದ್ದವು.

"ಏಪ್ರನ್ ಮೇಲಕ್ಕೆ ಕಟ್ಟಿಕೊಳ್ಳೇ," ಎಂದಳು ಪಕ್ಕದಲ್ಲಿ ನಿಂತ ದೊಡ್ಡಕ್ಕ, ಮುಖ ತಿರುಗಿಸದೆ. ಬೆಂಚಿನಲ್ಲಿ ಎಲ್ಲರಿಗಿಂತ ಹಿರಿಯಳು ಅವಳು. ಚುರುಕಿಗೆ ಕೆಲಸ ಕಲಿಸಿದವಳೂ ಅವಳೇ. ಇಬ್ಬರ ನಡುವೆ ಇದ್ದ ಪೆಟ್ಟಿಗೆ ಒಂದೇ, ಇಬ್ಬರೂ ಪರೀಕ್ಷಿಸಿದ ಗೊಂಬೆಗಳು ಅದರಲ್ಲೇ ಬೀಳುತ್ತಿದ್ದವು. "ಮಧ್ಯಾಹ್ನ ಹೋಗಿ ಹಿಂಡಿ ಬಾ. ಇಲ್ಲದಿದ್ರೆ ಕಟ್ಟಿಕೊಂಡು ಜ್ವರ ಬರುತ್ತೆ."

"ಎಲ್ಲಿಗೆ ಹೋಗಲಿ?"

ಅದಕ್ಕಿದ್ದ ಒಂದೇ ಉತ್ತರಕ್ಕೆ ಬೀಗ ಹಾಕಿತ್ತು. ಊಟದ ಮನೆಗೆ ಹೋಗುವ ದಾರಿಯಲ್ಲಿ ಒಂದು ಬಾಗಿಲು, ಅದರ ಮೇಲೆ ಮಗುವನ್ನು ಎದೆಗವಚಿಕೊಂಡ ತಾಯಿಯ ಚಿತ್ರ. ಕಾರ್ಖಾನೆಯ ದೊಡ್ಡವರೆಲ್ಲ ಸೇರಿ ರಿಬ್ಬನ್ ಕತ್ತರಿಸಿ, ಚಪ್ಪಾಳೆ ತಟ್ಟಿ, ಫೋಟೋ ತೆಗೆಸಿಕೊಂಡು ಆ ತಾಯಂದಿರ ಕೋಣೆಯನ್ನು ತೆರೆದಿದ್ದರು. ತೆರೆದ ಸಂಜೆಯೇ ಮುಚ್ಚಿದರು. ಈಗ ಅದರೊಳಗೆ ಹೊಸ ಮಾದರಿಯ ಗೊಂಬೆಗಳ ರಟ್ಟಿನ ಪೆಟ್ಟಿಗೆಗಳಿದ್ದವು. ಕೀಲಿ ಇದ್ದದ್ದು ಮೇಲ್ವಿಚಾರಕನ ಮೇಜಿನ ಖಾನೆಯಲ್ಲಿ.

ಈ ಮೇಲ್ವಿಚಾರಕ ಯಾರನ್ನೂ ಹೆಸರು ಹಿಡಿದು ಕರೆದವನಲ್ಲ. ದೂರದಿಂದಲೇ ಶಿಳ್ಳೆ ಹೊಡೆಯುತ್ತಿದ್ದ. ಅದಕ್ಕೇ ಹೆಂಗಸರು ಅವನಿಗೆ ಶಿಳ್ಳೆರಾಯ ಎಂದು ಹೆಸರಿಟ್ಟಿದ್ದರು. ಕೆಟ್ಟವನೆಂದರೆ ಕೆಟ್ಟವನಲ್ಲ, ತನಗೆ ಬಾರದ ನೋವು ನೋವೇ ಅಲ್ಲ ಎಂದುಕೊಂಡವರ ಪೈಕಿ. ಅಂಥವರು ಊರ ತುಂಬ ಇದ್ದಾರೆ.

"ಸರ್, ಆ ಕೋಣೆ ಕೀಲಿ ಸ್ವಲ್ಪ..."

"ಯಾಕೆ?"

ಯಾಕೆ ಎಂದರೆ ಏನು ಹೇಳುವುದು? ಬಾಗಿಲ ಮೇಲೆ ಚಿತ್ರವೇ ಇತ್ತಲ್ಲ. ಅವಳು ನೆಲ ನೋಡಿಕೊಂಡು ಎರಡು ಮಾತಿನಲ್ಲಿ ಹೇಳಿದಳು, ಗೊಂಬೆ ಅತ್ತಾಗಲೆಲ್ಲ ಹೀಗಾಗುತ್ತಿದೆ ಎಂದೂ ಹೇಳಿದಳು.

ಶಿಳ್ಳೆರಾಯ ಬಿಟ್ಟ ಕಣ್ಣು ಬಿಟ್ಟಂತೆ ನೋಡಿ ಆಮೇಲೆ ಬಿದ್ದು ಬಿದ್ದು ನಕ್ಕ. "ಗೊಂಬೆ ಅತ್ರೆ ಹಾಲು ಬರುತ್ತಾ? ಹಾಗಾದ್ರೆ ನಮ್ಮ ಕಾರ್ಖಾನೆಯಲ್ಲಿ ಡೈರಿ ಇಡಬಹುದು!" ಎಂದು ಪಕ್ಕದ ಮೇಜಿನವನಿಗೂ ಕೇಳುವಂತೆ ಹೇಳಿದ. ಪಕ್ಕದ ಮೇಜಿನವನೂ ನಕ್ಕ. "ಒಳಗೆ ಸ್ಯಾಂಪಲ್ ಇದೆಯಮ್ಮಾ. ಏನಾದ್ರೂ ಹೆಚ್ಚುಕಡಿಮೆಯಾದ್ರೆ ನನ್ನ ತಲೆಗೆ ಬರುತ್ತೆ. ಬಾತ್‌ರೂಮ್ ಇದೆಯಲ್ಲ, ಅಲ್ಲಿ ಹೋಗು."

ಅವಳು ಬಾತ್‌ರೂಮಿಗೆ ಹೋದಳು. ಅದರ ಚಿಲಕ ಕಿತ್ತುಹೋಗಿತ್ತು. ಒಂದು ಕಾಲಿನಲ್ಲಿ ಬಾಗಿಲು ಒತ್ತಿ ಹಿಡಿದು, ಇನ್ನೊಂದು ಕಾಲಿನ ಮೇಲೆ ನಿಂತು ಹಿಂಡಲು ನೋಡಿದಳು. ಹೊರಗೆ ಸಾಲು ಬೆಳೆಯಿತು, ಯಾರೋ ಬಾಗಿಲು ತಟ್ಟಿದರು. ನಾಲ್ಕು ಹನಿ ಚರಂಡಿಗೆ ಬಿತ್ತು, ಅಷ್ಟೇ. ಅಲ್ಲಿಂದ ಮಹಡಿ ಮೆಟ್ಟಿಲ ತಿರುವಿಗೆ ಹೋದಳು, ಅಲ್ಲಿ ಇಬ್ಬರು ಸಿಗರೇಟು ಸೇದುತ್ತ ನಿಂತಿದ್ದರು. ಗೋದಾಮಿನ ಪೆಟ್ಟಿಗೆಗಳ ಹಿಂದೆ ಹೋಗಿ ಅಂಗಿಯ ಗುಂಡಿಗೆ ಕೈ ಹಾಕುವಷ್ಟರಲ್ಲಿ ತಳ್ಳುಗಾಡಿಯ ಸದ್ದು ಕೇಳಿತು. ಊಟದ ಮನೆಯ ಹಿಂದಕ್ಕೆ ಹೋದಳು, ಪಾತ್ರೆ ತೊಳೆಯುವವನು "ಏನು ಬೇಕಿತ್ತು?" ಎಂದ. ಏನೂ ಬೇಡ ಎಂದು ಹೇಳಿ ಬಂದಳು. ಊಟದ ಹೊತ್ತು ಹೀಗೆ ಸುತ್ತುವುದರಲ್ಲೇ ಕಳೆಯಿತು. ಊಟವೂ ಆಗಲಿಲ್ಲ, ಎದೆಯ ಭಾರವೂ ಇಳಿಯಲಿಲ್ಲ. ನಾಳೆ ಬೇರೆ ಜಾಗ ನೋಡಿದರಾಯಿತು ಎಂದುಕೊಂಡಳು. ಬೇರೆ ಜಾಗ ಎಲ್ಲಿಂದ ಬರಬೇಕು? ಕಾರ್ಖಾನೆ ಅದೇ, ಗೋಡೆಗಳು ಅವೇ.

ಸಂಜೆ ಮನೆಯಲ್ಲಿ ಮಗಳು ಎದೆಗೆ ಬಾಯಿ ಹಾಕಿ, ಎಳೆದು, ಸಿಟ್ಟು ಮಾಡಿಕೊಂಡು ಬಾಯಿ ತೆಗೆದು ಅತ್ತಳು. ಕಲ್ಲಿನಂತೆ ಕಟ್ಟಿಕೊಂಡಿದ್ದ ಎದೆಯಿಂದ ಆ ಪುಟ್ಟ ಬಾಯಿಗೆ ಏನು ಸಿಗಬೇಕು? ಅತ್ತೆ ಬಿಸಿನೀರಿನ ಬಟ್ಟೆ ಹಿಂಡಿ ಶಾಖ ಕೊಟ್ಟರು. ಅತ್ತೆಯ ಕೈ ಮೃದು, ನಾಲಿಗೆ ಮಾತ್ರ ಚೂಪು.

"ಒಂದು ಕೂಸು ಹೆತ್ತು ಸಾವಿರ ಗೊಂಬೆಗೆ ಹಾಲೂಡಿಸ್ತಿದ್ದೀಯಲ್ಲೇ! ಇದಕ್ಕೇನು ಮಿಗುತ್ತೆ?"

"ನಾನೇನು ಬೇಕು ಅಂತ ಮಾಡ್ತೀನಾ ಅತ್ತೆ?"

"ಬೇಡ ಅಂದ್ರೆ ಅವರಿಗೆ ಹೇಳು."

"ಹೇಳಿದೆ. ನಕ್ಕರು."

ಅತ್ತೆ ಬಟ್ಟೆಯನ್ನು ಬಿಸಿನೀರಿನಲ್ಲಿ ಅದ್ದಿ ತುಸು ಜೋರಾಗಿಯೇ ಹಿಂಡಿದರು. ಸರಕು ಗಾಡಿ ಓಡಿಸುವ ಗಂಡ ಬಾಗಿಲಲ್ಲಿ ನಿಂತು "ಕೆಲಸ ಬಿಟ್ಟುಬಿಡು" ಎನ್ನಬೇಕೆಂದುಕೊಂಡವನು, ಮನೆ ನಡೆಯುವ ಬಗೆ ನೆನಪಾಗಿ ಬಾಯಿ ಮುಚ್ಚಿಕೊಂಡ. ಅವಳಿಗೂ ಕೆಲಸ ಬಿಡುವ ಮನಸ್ಸಿರಲಿಲ್ಲ. ಕೆಲಸ ಬೇಕಿತ್ತು, ಮಗಳಿಗೆ ಹಾಲೂ ಬೇಕಿತ್ತು. ಎರಡನ್ನೂ ಒಟ್ಟಿಗೆ ಬಯಸಿದ್ದು ಯಾವ ದೊಡ್ಡ ಆಸೆ ಎಂದು ಅವಳಿಗೆ ಅರ್ಥವೇ ಆಗಲಿಲ್ಲ.

ದಿನಗಳು ಹೀಗೇ ಹೋದವು. ನಿಂತಲ್ಲಿ ನಿಲ್ಲಲಾಗದು, ಕೂರಲು ಬೆಂಚಿನಲ್ಲಿ ಜಾಗವಿಲ್ಲ. ಬಟ್ಟೆ ಮಡಿಸಿ ಒಳಗಿಟ್ಟುಕೊಂಡಳು, ಎರಡು ಏಪ್ರನ್ ಕಟ್ಟಿಕೊಂಡಳು. ಹಾಲಿನ ವಾಸನೆ ತನಗೇ ಬರುವಾಗ ಇಡೀ ಬೆಂಚಿಗೆ ಬರುತ್ತಿದೆ ಎನ್ನಿಸಿ ಮೈ ಹಿಡಿಯಾಗಿಸಿಕೊಂಡಳು. ಕೊನೆಗೊಂದು ಮಧ್ಯಾಹ್ನ, ಬೆನ್ನಿನಲ್ಲಿ ಜ್ವರದ ಚಳಿ ಹರಿಯುತ್ತಿದ್ದಾಗ, ಎಡಗಡೆಯ ಬುಟ್ಟಿಯಿಂದ ಒಂದು ಗೊಂಬೆ ತೆಗೆದು, ಒತ್ತದೆ, ಎತ್ತದೆ, ನೇರವಾಗಿ ಬಲಗಡೆಯ ಪೆಟ್ಟಿಗೆಗೆ ಹಾಕಿಬಿಟ್ಟಳು.

ಅಬ್ಬಾ, ಎಂಥ ನೆಮ್ಮದಿ! ಇನ್ನೊಂದು ಹಾಕಿದಳು. ನಾಲಿಗೆ ಕಚ್ಚಿಕೊಂಡು ಸುತ್ತ ನೋಡಿದಳು. ಯಾರೂ ನೋಡಲಿಲ್ಲ. ಶಿಳ್ಳೆರಾಯ ಹತ್ತಿರ ಬಂದಾಗ ಮಾತ್ರ ಒತ್ತುವುದು, ಉಳಿದಂತೆ ಸುಮ್ಮನೆ ಸಾಗಿಸುವುದು ಎಂದು ಕ್ರಮೇಣ ಕೈಗೇ ಅಭ್ಯಾಸವಾಯಿತು. ಎದೆ ಸ್ವಲ್ಪ ತಣ್ಣಗಾಯಿತು. ಸಂಜೆ ಮಗಳು ಗುಟುಕು ಗುಟುಕಾಗಿ ಕುಡಿದು ನಿದ್ದೆ ಹೋದಳು.

ಬೇಡದ್ದೂ ಒಂದಾಯಿತು. ಅಳಿಸದೆ ಸಾಗಿಸಿದರೆ ಕೆಲಸ ಬೇಗ ಆಗುತ್ತದಲ್ಲ? ಅವಳ ಬುಟ್ಟಿಗಳು ಎಲ್ಲರಿಗಿಂತ ಮುಂಚೆ ಖಾಲಿಯಾಗತೊಡಗಿದವು. "ನೋಡ್ರೇ, ಬಾಣಂತಿ ಹೇಗೆ ಕೆಲಸ ಮಾಡ್ತಾಳೆ! ನಿಮಗೆಲ್ಲ ಏನಾಗಿದೆ ಧಾಡಿ?" ಎಂದು ಶಿಳ್ಳೆರಾಯ ಉಳಿದವರಿಗೆ ಮಾತು ಕೇಳಿಸಿದ. ಬಾಗಿಲ ಹತ್ತಿರದ ಗೋಡೆಗೆ ಅವಳ ಫೋಟೋ ಹಾಕಿಸಿದ, ಕೆಳಗೆ ‘ವೇಗದ ಕೈ’ ಎಂದು ಬರೆಸಿದ. ದಿನಾ ಬೆಳಿಗ್ಗೆ ತನ್ನದೇ ಮುಖದ ಮುಂದೆ ಹಾದು ಒಳಗೆ ಬರುವಾಗ ಅವಳಿಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸುತ್ತಿತ್ತು.

ಗೊಂಬೆಗಳು ವಾಪಸು ಬಂದವು. ಬರದೇ ಇರುತ್ತವೆಯೇ? ಯಾವುದೋ ದೊಡ್ಡ ಅಂಗಡಿಯವರು ಪೆಟ್ಟಿಗೆ ಪೆಟ್ಟಿಗೆಯನ್ನೇ ತಿರುಗಿಸಿ ಕಳಿಸಿದ್ದರು. ಮಕ್ಕಳು ಹೊಟ್ಟೆ ಒತ್ತಿ ಒತ್ತಿ ಸೋತಿದ್ದಾರೆ, ಎಷ್ಟೋ ಗೊಂಬೆಗಳು ಉಸಿರೆತ್ತುವುದಿಲ್ಲ ಎಂದು ದೂರು. ಪೆಟ್ಟಿಗೆಯ ಗುರುತು ಹಿಡಿದು ನೋಡಿದರೆ ಅದು ದೊಡ್ಡಕ್ಕ ಮತ್ತು ಚುರುಕಿಯ ನಡುವಿನ ಪೆಟ್ಟಿಗೆ. ಚುರುಕಿಯ ಫೋಟೋ ಗೋಡೆಯ ಮೇಲಿತ್ತು. ಉಳಿದವಳು ದೊಡ್ಡಕ್ಕ.

ಶಿಳ್ಳೆರಾಯ ಅದಕ್ಕೊಂದು ಪರೀಕ್ಷೆಯನ್ನೂ ಮಾಡಿದ. ದೊಡ್ಡಕ್ಕನ ಹಿಂದೆ ಹೋಗಿ ನಿಂತು ಶಿಳ್ಳೆ ಹೊಡೆದ. ಅವಳು ತಿರುಗಲಿಲ್ಲ. ಇನ್ನೂ ಜೋರಾಗಿ ಹೊಡೆದ. ಅವಳು ಉಭಶುಭ ಎನ್ನದೆ ಗೊಂಬೆ ಒತ್ತುತ್ತಲೇ ಇದ್ದಳು. "ಮುದುಕಿಗೆ ಕಿವಿ ಹೋಗಿದೆ," ಎಂದು ಶಿಳ್ಳೆರಾಯ ತೀರ್ಮಾನಿಸಿದ. "ಅತ್ತಿದ್ದು ಯಾವುದು, ಅಳದಿದ್ದು ಯಾವುದು, ಅದಕ್ಕೇ ಗೊತ್ತಾಗಲ್ಲ." ಮರುದಿನ ಬೆಳಿಗ್ಗೆ ದೊಡ್ಡಕ್ಕ ಮ್ಯಾನೇಜರ್ ಮೇಡಂ ಕೋಣೆಗೆ ಬರಬೇಕೆಂದು ಹೇಳಿ ಹೋದ. ಕೆಲಸ ಹೋಯಿತು ಎಂಬುದಕ್ಕೆ ಅಲ್ಲಿ ಇದ್ದ ಮಾತೇ ಅದು.

ಮನೆಗೆ ಹೋದ ಚುರುಕಿ ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಓಡಾಡಿದಳು. ಹೇಳಿದರೆ ತನ್ನ ಕೆಲಸ ಹೋಗುತ್ತದೆ. ಹೇಳದಿದ್ದರೆ ದೊಡ್ಡಕ್ಕನದು ಹೋಗುತ್ತದೆ, ಆ ವಯಸ್ಸಿನಲ್ಲಿ ಅವಳನ್ನು ಬೇರೆ ಯಾರು ಕರೆಯುತ್ತಾರೆ? ಮಗಳನ್ನು ಎತ್ತಿಕೊಂಡಳು, ಇಳಿಸಿದಳು, ಮತ್ತೆ ಎತ್ತಿಕೊಂಡಳು.

"ಕೂತ್ಕೊಳ್ಳೇ, ನಿನ್ನನ್ನ ನೋಡಿ ನಂಗೆ ತಲೆ ತಿರುಗ್ತಿದೆ," ಎಂದರು ಅತ್ತೆ. ಅವಳು ಕೂತು ಎಲ್ಲವನ್ನೂ ಹೇಳಿಬಿಟ್ಟಳು. ಅತ್ತೆ ಮೂಗು ಮುರಿಯಲಿಲ್ಲ, ಬೈಯಲೂ ಇಲ್ಲ. ಮಗುವನ್ನು ಅವಳ ತೊಡೆಯಿಂದ ತೆಗೆದುಕೊಂಡು, "ಬೆಳಿಗ್ಗೆ ಬೇಗ ಹೊರಡು," ಎಂದರು.

ಮೇಡಂ ಕೋಣೆಯ ಮೇಜಿನ ಮೇಲೆ ವಾಪಸು ಬಂದ ಗೊಂಬೆಗಳನ್ನು ಸಾಲಾಗಿ ಮಲಗಿಸಿದ್ದರು. ಎದುರು ಕುರ್ಚಿಯಲ್ಲಿ ದೊಡ್ಡಕ್ಕ. ಇಷ್ಟು ವರ್ಷದಲ್ಲಿ ಆ ಕಾರ್ಖಾನೆ ಅವಳಿಗೆ ಕೊಟ್ಟ ಮೊದಲ ಕುರ್ಚಿ ಅದು. ಚುರುಕಿ ಯಾರೂ ಕರೆಯದೆ ಬಾಗಿಲು ತಳ್ಳಿಕೊಂಡು ಒಳಗೆ ಬಂದಾಗ ಶಿಳ್ಳೆರಾಯ ಮಾತಿನ ನಡುವೆ ಇದ್ದ.

"ಹಿಂದೆ ನಿಂತು ಅಷ್ಟು ಸಲ ಶಿಳ್ಳೆ ಹೊಡೆದೆ ಮೇಡಂ, ತಿರುಗಿಯೂ ನೋಡಲಿಲ್ಲ."

"ಶಿಳ್ಳೆಗೆ ನಾಯಿ ತಿರುಗುತ್ತೆ," ಎಂದಳು ದೊಡ್ಡಕ್ಕ. "ನಾನು ಎಂದೂ ತಿರುಗಿಲ್ಲ. ಹೆಸರು ಹಿಡಿದು ಕರೆದು ನೋಡ್ಲಿ. ಮೂರು ಗೋಡೆ ಆಚೆ ನಿಂತು ನನ್ನ ಬೈದ್ರೂ ಕೇಳಿಸುತ್ತೆ ನಂಗೆ."

ಶಿಳ್ಳೆರಾಯನ ಮುಖ ಹುಳ್ಳಗಾಯಿತು. ಅವನಿಗೆ ಆ ಹೆಸರೇ ಗೊತ್ತಿರಲಿಲ್ಲ.

"ಮೇಡಂ, ಗೊಂಬೆ ಒತ್ತದೆ ಬಿಟ್ಟಿದ್ದು ನಾನು," ಎಂದಳು ಚುರುಕಿ.

ಮೇಡಂ ನಂಬಲಿಲ್ಲ. ಕನ್ನಡಕ ತೆಗೆದು ಅವಳನ್ನು ನೋಡಿದರು. "ನಿನ್ನ ಫೋಟೋ ಹೊರಗಿದೆ ಅಲ್ವಾ? ಅವರ ಮೇಲೆ ನಿಂಗೆ ಪ್ರೀತಿ ಇರಬಹುದು. ಅದಕ್ಕೆ ಸುಳ್ಳು ಹೇಳಬೇಡ."

"ಸುಳ್ಳಲ್ಲ. ಒತ್ತಿದ್ರೆ ಅವು ಅಳ್ತವೆ. ಅತ್ರೆ ನಂಗೆ..." ಶಿಳ್ಳೆರಾಯ ಗೋಡೆಯ ಕಡೆ ತಿರುಗಿ ತುಟಿ ಬಿಗಿಹಿಡಿದ. ನಗು ಬರುತ್ತಿತ್ತೋ ಏನೋ. "ಹಾಲು ಬರುತ್ತೆ ಮೇಡಂ. ನಿಲ್ಲಲ್ಲ. ಹಿಂಡೋಕೆ ಜಾಗ ಕೇಳಿದೆ, ಸಿಗಲಿಲ್ಲ. ಅದಕ್ಕೇ ಒತ್ತೋದು ಬಿಟ್ಟೆ."

ಮೇಡಂ ಮುಖ ಗಟ್ಟಿಯಾಯಿತು. "ನಂಗೂ ಮಗ ಇದಾನೆ. ಅವನು ಕೂಸಾಗಿದ್ದಾಗ ನಾನೂ ಕೆಲಸಕ್ಕೆ ಬಂದೆ. ಒಂದು ದಿನ ಒಬ್ಬರ ಹತ್ತಿರ ಬಾಯಿ ಬಿಟ್ಟಿಲ್ಲ, ಒಂದು ಕೆಲಸ ಕೆಡಿಸಿಲ್ಲ. ಎಲ್ಲ ಹೆಂಗಸರಿಗೂ ಇರೋದೇ ಇದು. ಇದನ್ನ ನೆಪ ಮಾಡ್ಕೊಂಡ್ರೆ ಹೇಗೆ?"

ನೆಪ! ಚುರುಕಿಗೆ ಸಿಟ್ಟು ನೆತ್ತಿಗೇರಿತು. ನೇರವಾಗಿ ಮೇಜಿನ ಹತ್ತಿರ ಹೋಗಿ ಮೊದಲ ಗೊಂಬೆಯ ಹೊಟ್ಟೆ ಒತ್ತಿದಳು. ಸದ್ದಿಲ್ಲ. ಎರಡನೆಯದು, ಸದ್ದಿಲ್ಲ. ಇನ್ನೊಂದನ್ನು ಒತ್ತಿದಳು. ಅದು ದೊಡ್ಡಕ್ಕ ನೋಡಿ ಹಾಕಿದ್ದ ಗೊಂಬೆಯಿರಬೇಕು. ಬಾಯಿ ತೆಗೆದು ಅತ್ತಿತು.

ಚುರುಕಿ ಅದನ್ನು ಎತ್ತಿಕೊಳ್ಳಲಿಲ್ಲ. ಎರಡು ಹೆಜ್ಜೆ ಹಿಂದೆ ಸರಿದು, ಏಪ್ರನ್ ಬಿಚ್ಚಿ ಕೈಯಲ್ಲಿ ಹಿಡಿದು ನಿಂತಳು. ಗೊಂಬೆ ಮೇಜಿನ ಮೇಲೆ ಅಂಗಾತ ಮಲಗಿ ಅಳುತ್ತಲೇ ಇತ್ತು. ಅವಳ ಅಂಗಿಯ ಮೇಲೆ ಮೊದಲು ಎರಡು ಹನಿ, ಆಮೇಲೆ ಅಂಗೈಯಷ್ಟು ಅಗಲದ ಕಲೆ. ಅದು ಎಲ್ಲರ ಕಣ್ಣೆದುರೇ ಹರಡಿತು. ನಾಚಿಕೆಯಿಂದ ಕಿವಿ ಬಿಸಿಯಾಗಿತ್ತು, ಆದರೂ ಅವಳು ಕೈ ಅಡ್ಡ ಹಿಡಿಯಲಿಲ್ಲ. ನೋಡಲಿ. ನಕ್ಕವರೂ ನೋಡಲಿ, ನೆಪ ಎಂದವರೂ ನೋಡಲಿ.

ಶಿಳ್ಳೆರಾಯ ಗೊಂಬೆಯನ್ನು ಹಿಡಿದು ಅಲ್ಲಾಡಿಸಿದ. ಅದು ಇನ್ನೂ ಅತ್ತಿತು. ಬೋರಲು ಹಾಕಿದ, ಬೆನ್ನು ತಟ್ಟಿದ. ಇಷ್ಟು ವರ್ಷ ಅಳು ವಿಭಾಗ ನೋಡಿಕೊಂಡವನಿಗೆ ಒಂದು ಗೊಂಬೆಯ ಅಳು ನಿಲ್ಲಿಸಲು ಬರಲಿಲ್ಲ. ದೊಡ್ಡಕ್ಕ ಕುರ್ಚಿಯಲ್ಲೇ ಕೂತು ನೋಡುತ್ತಿದ್ದಳು. ಅವಳಿಗೂ ಎದ್ದು ಸಹಾಯ ಮಾಡುವ ಯಾವ ಅವಸರವೂ ಇರಲಿಲ್ಲ.

"ಕೊಡಿ ಇಲ್ಲಿ," ಎಂದು ಕೊನೆಗೆ ಮೇಡಂ ಅದನ್ನು ಕಿತ್ತುಕೊಂಡರು. ಒಂದು ಕೈ ತಲೆಯ ಕೆಳಗೆ, ಒಂದು ಕೈ ಬೆನ್ನ ಕೆಳಗೆ ಇಟ್ಟು ಎತ್ತಿ ಹೆಗಲಿಗೆ ಹಾಕಿಕೊಂಡರು. ಗೊಂಬೆ ಸುಮ್ಮನಾಯಿತು. ಮೇಡಂ ಅದನ್ನು ಇಳಿಸಲಿಲ್ಲ, ಅವರಿಗೇ ಅರಿವಿಲ್ಲದಂತೆ ಅವರ ಕೈ ಅದರ ಬೆನ್ನು ಸವರುತ್ತಿತ್ತು. ಕಣ್ಣು ಮಾತ್ರ ಚುರುಕಿಯ ಅಂಗಿಯ ಮೇಲಿತ್ತು.

"ನಾನು ಕಾರಲ್ಲಿ ಕೂತು ಹಿಂಡಿ ಚೆಲ್ತಿದ್ದೆ," ಎಂದರು, ಯಾರಿಗೂ ಅಲ್ಲ ಎಂಬಂತೆ. "ಮಗನಿಗೆ ಬೇಗ ಹಾಲು ಬಿಡಿಸಿಬಿಟ್ಟೆ."

"ನಿಮಗೆ ಕಾರಾದ್ರೂ ಇತ್ತಲ್ಲಮ್ಮ," ಎಂದಳು ದೊಡ್ಡಕ್ಕ.

ಮೇಡಂ ಗೊಂಬೆಯನ್ನು ಮೆಲ್ಲಗೆ ಮೇಜಿನ ಮೇಲೆ ಮಲಗಿಸಿದರು. "ನೋಡದೆ ಗೊಂಬೆ ಸಾಗಿಸಿದ್ದು ತಪ್ಪು. ವಾಪಸು ಬಂದಿದ್ದೆಲ್ಲ ನೀನೇ ಮತ್ತೆ ನೋಡ್ಬೇಕು. ಗೋಡೆ ಮೇಲಿನ ಫೋಟೋ ತೆಗೆಸ್ತೀನಿ."

"ತೆಗೆಸಿ ಮೇಡಂ," ಎಂದಳು ಚುರುಕಿ, ಮನಸಾರೆ.

"ಆ ಕೋಣೆ ಕೀಲಿ ಎಲ್ಲಿ?"

"ನನ್ನ ಹತ್ರ ಇದೆ," ಎಂದ ಶಿಳ್ಳೆರಾಯ. "ಆದ್ರೆ ಒಳಗೆ ಸ್ಯಾಂಪಲ್ ಇದೆ ಮೇಡಂ. ಎಲ್ಲಿಡಲಿ?"

"ನಿಮ್ಮ ಮೇಜಿನ ಸುತ್ತ ಇಡಿ."

"ಮೇಡಂ," ಎಂದಳು ಚುರುಕಿ. "ಕೀಲಿ ನಮ್ಮ ಬೆಂಚಿನ ಮೊಳೆ ಮೇಲೆ ಇರ್ಲಿ. ಪ್ರತಿ ಸಲ ಹೋಗಿ ಕೇಳೋ ಹಾಗಾಗಬಾರದು. ನಾಳೆ ಇನ್ನೊಬ್ಬಳು ಬರ್ತಾಳೆ. ಅವಳು ಯಾಕೆ ಅಂತ ಹೇಳೋ ಹಾಗೂ ಆಗಬಾರದು."

ಮೇಡಂ ತಲೆಯಾಡಿಸಿದರು. ಅಷ್ಟೇ. ಕ್ಷಮೆ ಕೇಳಲಿಲ್ಲ, ದೊಡ್ಡ ಮಾತಾಡಲಿಲ್ಲ. ದೊಡ್ಡಕ್ಕನನ್ನು ಮಾತ್ರ ಬಾಗಿಲ ತನಕ ಹೋಗಿ ಕಳಿಸಿಬಂದರು, ಹೋಗುವ ಮುಂಚೆ ಅವಳ ಹೆಸರನ್ನೂ ಕೇಳಿಕೊಂಡರು.

ಮಧ್ಯಾಹ್ನಕ್ಕೆ ಮುಂಚೆ ಕೋಣೆ ಖಾಲಿಯಾಯಿತು. ಶಿಳ್ಳೆರಾಯ ಪೆಟ್ಟಿಗೆಗಳನ್ನು ತಾನೇ ಹೊತ್ತ. ಚುರುಕಿ ಒಳಗೆ ಹೋಗಿ ಚಿಲಕ ಹಾಕಿಕೊಂಡಳು. ಬಣ್ಣ ಮಾಸದ ಗೋಡೆ, ಯಾರೂ ಕೂರದ ಕುರ್ಚಿ, ಕಿಟಕಿಗೆ ಪರದೆ. ಅಷ್ಟು ದಿನ ಹುಡುಕಿದ ಜಾಗ ಇದೇ. ಮನೆಯಿಂದ ತಂದ ಡಬ್ಬಿ ತೆರೆದು, ಗುಂಡಿ ಬಿಚ್ಚಿ, ಕೂತಳು.

ಹಾಲು ಬರಲಿಲ್ಲ.

ಒತ್ತಿದಳು, ಹಿಂಡಿದಳು. ಬೇಡವೆಂದಾಗ ಸುರಿದದ್ದು ಈಗ ಒಂದು ಹನಿಯೂ ಇಲ್ಲ. ಹೊರಗೆ ಯಾರೋ ನಡೆದರೆ ಬೆಚ್ಚುತ್ತಿದ್ದಳು, ಚಿಲಕ ಸರಿಯಾಗಿ ಬಿದ್ದಿದೆಯೇ ಎಂದು ಎದ್ದು ಹೋಗಿ ನೋಡುತ್ತಿದ್ದಳು, ಬಂದು ಕೂರುತ್ತಿದ್ದಳು. ಬೆಂಚಿನಲ್ಲಿ ಗೊಂಬೆಗಳು ರಾಶಿ ಬೀಳುತ್ತಿವೆ, ಈಗ ಶಿಳ್ಳೆ ಕೇಳಿಸುತ್ತದೆ, ಈಗ ಬಾಗಿಲು ಬಡಿಯುತ್ತಾರೆ. ಇಷ್ಟೆಲ್ಲ ರಂಪ ಮಾಡಿ ಖಾಲಿ ಡಬ್ಬಿ ಹಿಡಿದು ಹೊರಗೆ ಹೋದರೆ ಜನ ಏನೆಂದಾರು? ಎದೆ ಕಲ್ಲಾಗಿತ್ತು, ನೋವಿಗೆ ಕಣ್ಣಲ್ಲಿ ನೀರು ಬಂತು. ಬಂದದ್ದು ಅದೊಂದೇ.

ಬಾಗಿಲ ಮೇಲೆ ಬೆರಳು ತಟ್ಟಿದ ಸದ್ದಾಯಿತು. ಅವಳು ಧಡಕ್ಕನೆ ಎದ್ದಳು.

"ನಾನು ಕಣೇ," ಎಂದಿತು ದೊಡ್ಡಕ್ಕನ ಧ್ವನಿ. "ಆಯ್ತಾ?"

"ಇಲ್ಲ ದೊಡ್ಡಕ್ಕ. ಬರ್ತಾನೇ ಇಲ್ಲ." ಅಳು ಒತ್ತಿ ಬಂತು. "ಏನೂ ಬರ್ತಿಲ್ಲ."

ಹೊರಗೆ ದೊಡ್ಡಕ್ಕ ಬಾಗಿಲಿಗೆ ಬೆನ್ನು ಆನಿಸಿ ನೆಲದ ಮೇಲೆ ಕೂತ ಸದ್ದು ಕೇಳಿತು. ದೂರದಲ್ಲಿ ಶಿಳ್ಳೆ ಎದ್ದಿತು. ದೊಡ್ಡಕ್ಕ ಏಳಲಿಲ್ಲ.

"ಅವಸರ ಇಲ್ಲ, ಕೂತ್ಕೋ," ಎಂದಳು. "ನಾನಿಲ್ಲೇ ಇದೀನಿ. ಯಾರನ್ನೂ ಬಿಡಲ್ಲ."

ಆಮೇಲೆ ಬಾಗಿಲ ಆಚೆ ಒಂದು ಗೊಂಬೆ ಅಳತೊಡಗಿತು. ದೊಡ್ಡಕ್ಕ ಅದನ್ನು ಏಪ್ರನ್ ಮಡಿಲಲ್ಲಿಟ್ಟುಕೊಂಡೇ ಬಂದಿದ್ದಳು.

ಚುರುಕಿಯ ಎದೆ ಜುಂ ಎಂದಿತು. ಅವಳು ಅಳುತ್ತಲೇ ನಕ್ಕುಬಿಟ್ಟಳು, ನಗುತ್ತಲೇ ಡಬ್ಬಿ ಹಿಡಿದಳು. ಮಗಳ ಪಾಲಿನ ಹಾಲು ಅದರ ತಳಕ್ಕೆ ಸರ್ರನೆ ಬಿತ್ತು. ಬಾಗಿಲ ಆಚೆ ದೊಡ್ಡಕ್ಕ ಗೊಂಬೆಯನ್ನು ಎತ್ತಿಕೊಳ್ಳಲಿಲ್ಲ, ಡಬ್ಬಿ ತುಂಬುವ ತನಕ ಅದನ್ನು ಅಳಲು ಬಿಟ್ಟಳು.